ಹೊಟ್ಟೆ ಬಿಗಿದಾಗ ಸುಮ್ಮನಿರಬಾರದು
(ಏಪ್ರಿಲ್ 28: ಸಂತ ಜಿಯನ್ನಾ ಬೆರೆತ್ತಾ ಮೊಲ್ಲಾರವರ ಸ್ಮರಣೆ)



ಏಪ್ರಿಲ್ 28ರಂದು ನಾವು ಒಬ್ಬ ತಾಯಿಯನ್ನು ಸ್ಮರಿಸುತ್ತೇವೆ. ಅವರು ವೈದ್ಯೆಯೂ ಹೌದು. ಇಟಲಿ ದೇಶದ ಸಂತ ಜಿಯನ್ನಾ ಬೆರೆತ್ತಾ ಮೊಲ್ಲಾ ಅವರ ಬಗ್ಗೆ ನಾವು ಹಲವು ವರ್ಷಗಳಿಂದ ಪ್ರಬೋಧನೆ ಮಾಡುತ್ತಾ ಬಂದಿದ್ದೇವೆ. ಹೊಟ್ಟೆಯಲ್ಲಿದ್ದ ಮಗುವಿಗಾಗಿ ಎಷ್ಟೊಂದು ನೋವು ಸಹಿಸಿದರು ಎಂದು ಹೇಳುವಾಗ ಬಲಿಪೂಜೆಗೆ ಬಂದ ತಾಯಂದಿರ ಕಣ್ಣು ಒದ್ದೆಯಾಗುವುದನ್ನು ಕಂಡಿದ್ದೇವೆ. ಈ ಸಲ ಅದೇ ಪ್ರಬೋಧನೆಯನ್ನು ಮತ್ತೆ ಹೇಳಲು ನಮಗೆ ಮನಸ್ಸಾಗುತ್ತಿಲ್ಲ. ಕಾರಣವನ್ನು ಮುಚ್ಚಿಡದೆ ಹೇಳುತ್ತೇವೆ.

ಮೂರು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಮಗಳೊಬ್ಬಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಏಳನೆಯ ತಿಂಗಳು. ಏಪ್ರಿಲ್ ಕೊನೆಯ ಆ ಪ್ರಬೋಧನೆಯನ್ನು ಮುಂದಿನ ಬೆಂಚಿನಲ್ಲೇ ಕುಳಿತು ಕೇಳಿದ್ದಳು. ಮೇ ತಿಂಗಳಲ್ಲಿ ಮನೆ ಮನೆಗಳಲ್ಲಿ ಜಪಸರ ನಡೆಯುತ್ತದಲ್ಲ, ಅಂಥ ಒಂದು ಸಂಜೆ ಅವರ ಮನೆಯ ಸರದಿ. ಬೆಳಿಗ್ಗೆಯಿಂದಲೇ ಆಕೆಗೆ ಹೊಟ್ಟೆ ಗಟ್ಟಿಯಾಗುವುದು, ಸಡಿಲವಾಗುವುದು, ಸೊಂಟ ಹಿಡಿದಂತಾಗುವುದು ನಡೆದಿತ್ತು. ಅಜ್ಜಿಗೆ ಒಮ್ಮೆ ಹೇಳಿದಳು. ಅಜ್ಜಿ ಜೀರಿಗೆ ಕಷಾಯ ಕಾಸಿಕೊಟ್ಟರು. ಸುಳ್ಳು ನೋವಾದರೆ ಇಳಿಯುತ್ತದೆ, ನಿಜವಾದರೆ ಏರುತ್ತದೆ ಎಂಬ ಹಳೆಯ ಲೆಕ್ಕ. ಆಮೇಲೆ ಆಕೆ ಯಾರಿಗೂ ಏನೂ ಹೇಳಲಿಲ್ಲ. ಜಪಸರ ಮುಗಿಯುವವರೆಗೂ ಗೋಡೆಗೆ ಒರಗಿ ಕುಳಿತಿದ್ದಳು. ನಾವೂ ಅಲ್ಲೇ ಇದ್ದೆವು. ಕಾಫಿ ಕುಡಿದು ಬಂದೆವು. ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಗರ್ಭಕೋಶದ ಬಾಯಿ ಪೂರ್ತಿ ತೆರೆದಿತ್ತು. ಅರ್ಧ ಗಂಟೆಯಲ್ಲಿ ಹೆರಿಗೆಯಾಯಿತು. ಮೂವತ್ತು ವಾರದ ಗಂಡು ಮಗು. ನರ್ಸ್ ಸಿಸ್ಟರ್ ಒಬ್ಬರು ಅಲ್ಲಿಯೇ ಜ್ಞಾನಸ್ನಾನ ಕೊಟ್ಟರು. ಮೂರನೆಯ ದಿನ ಮಗು ದೇವರ ಪಾದ ಸೇರಿತು.

ಸಾಂತ್ವನ ಹೇಳಲು ಹೋದಾಗ ಆಕೆ ಹೇಳಿದ ಮಾತು: "ಫಾದರ್, ಬೆಳಿಗ್ಗೆಯಿಂದಾನೇ ನೋವಿತ್ತು. ಜಿಯನ್ನಾ ತಾಯಿ ಎಷ್ಟು ಸಹಿಸಿಕೊಂಡ್ರು ಅಂತ ನೀವೇ ಹೇಳಿದ್ರಲ್ಲ, ನಾನೂ ಸಹಿಸಿಕೊಳ್ಳೋಣ ಅಂತ ಸುಮ್ಮನಿದ್ದೆ."

ನಮಗೆ ಉತ್ತರ ಹೊಳೆಯಲಿಲ್ಲ. ಗುರುಮಠದಲ್ಲಿ ದೈವಶಾಸ್ತ್ರ ಕಲಿತೆವು, ಗರ್ಭಕೋಶದ ಪಾಠವನ್ನು ಯಾರೂ ಕಲಿಸಿರಲಿಲ್ಲ. ಆ ವಾರವೇ ವೈದ್ಯೆಯಾಗಿರುವ ಸಿಸ್ಟರ್ ಒಬ್ಬರ ಬಳಿ ಹೋಗಿ ಕುಳಿತೆವು. ಅವರು ಹಳೆಯ ಪ್ರಕಟಣೆ ಹಾಳೆಯ ಹಿಂಭಾಗದಲ್ಲಿ ಚಿತ್ರ ಬರೆದು ತಿಳಿಸಿದರು. ಆ ಮೇಲೆ ನಾವೂ ಓದಿದೆವು. ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಗಂಡಸರು ಪುಟ ತಿರುವಬೇಡಿ. ಆಸ್ಪತ್ರೆಗೆ ಆಟೋ ಕರೆಯಬೇಕಾದವರು ನೀವೇ.

ಮೊದಲು ಸಂತರ ಕಥೆಯನ್ನು ಸರಿಯಾಗಿ ಹೇಳೋಣ. ಜಿಯನ್ನಾ ಹುಟ್ಟಿದ್ದು 1922ರ ಅಕ್ಟೋಬರ್ 4ರಂದು, ಮಿಲಾನ್ ಬಳಿಯ ಮಜೆಂತಾದಲ್ಲಿ. 1949ರಲ್ಲಿ ವೈದ್ಯ ಪದವಿ ಪಡೆದು, ಮೆಸೆರೊ ಎಂಬ ಊರಿನಲ್ಲಿ ಚಿಕಿತ್ಸಾಲಯ ತೆರೆದು, ಮಕ್ಕಳ ವೈದ್ಯೆಯೂ ಆದರು. 1955ರಲ್ಲಿ ಇಂಜಿನಿಯರ್ ಪಿಯೆತ್ರೊ ಮೊಲ್ಲಾ ಅವರೊಂದಿಗೆ ವಿವಾಹ. ಮೂರು ಮಕ್ಕಳ ತಾಯಿ. 1961ರಲ್ಲಿ ಮತ್ತೆ ಗರ್ಭಿಣಿಯಾಗಿ ಎರಡನೆಯ ತಿಂಗಳು ನಡೆಯುತ್ತಿದ್ದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇರುವುದು ತಿಳಿಯಿತು. ಮುಂದೆ ಮೂರು ದಾರಿಗಳಿದ್ದವು: ಗರ್ಭಪಾತ, ಗರ್ಭಕೋಶವನ್ನೇ ತೆಗೆಯುವುದು, ಇಲ್ಲವೇ ಗಡ್ಡೆಯನ್ನಷ್ಟೇ ತೆಗೆದು ಮಗುವನ್ನು ಉಳಿಸುವುದು. ಅವರು ಮೂರನೆಯದನ್ನು ಆರಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಮೊಂಜಾದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಗರ್ಭ ಉಳಿಯಿತು. 1962ರ ಏಪ್ರಿಲ್ 21, ಪವಿತ್ರ ಶನಿವಾರ, ಸಿಸೇರಿಯನ್ ಮೂಲಕ ಹೆಣ್ಣು ಮಗು ಹುಟ್ಟಿತು. ತಾಯಿಗೆ ಹೊಟ್ಟೆಯೊಳಗೆ ಸೋಂಕು ಹಬ್ಬಿ ಏಪ್ರಿಲ್ 28ರಂದು ತೀರಿಕೊಂಡರು. ಆಗ ಅವರಿಗೆ 39 ವರ್ಷ. 2004ರ ಮೇ 16ರಂದು ಪೋಪ್ ಎರಡನೇ ಜಾನ್ ಪೌಲರು ಅವರನ್ನು ಸಂತರೆಂದು ಘೋಷಿಸಿದಾಗ, ಪತಿಯೂ ಮಕ್ಕಳೂ ಅಲ್ಲಿದ್ದರು. ಅಂದು ಹುಟ್ಟಿದ ಮಗು ಜಿಯನ್ನಾ ಇಮಾನುಯೆಲಾ ಬೆಳೆದು ತಾಯಿಯಂತೆಯೇ ವೈದ್ಯೆಯಾದರು.

ಈ ಕಥೆಯಲ್ಲಿ ನಾವು ಇಷ್ಟು ವರ್ಷ ಒತ್ತಿ ಹೇಳದೆ ಬಿಟ್ಟದ್ದು ಯಾವುದು? ಜಿಯನ್ನಾ ಆಸ್ಪತ್ರೆಗೆ ಹೋದರು! ತಪಾಸಣೆ ಮಾಡಿಸಿಕೊಂಡರು, ಶಸ್ತ್ರಚಿಕಿತ್ಸೆಗೆ ಒಪ್ಪಿದರು, ವೈದ್ಯರ ಮುಂದೆ ತಮ್ಮ ಮನಸ್ಸನ್ನು ಬಿಚ್ಚಿ ಹೇಳಿದರು. ನೋವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಮೂಲೆಯಲ್ಲಿ ಕೂರಲಿಲ್ಲ. ಇನ್ನೊಂದು ಮಾತು. ಪ್ರಾಣಾಪಾಯ ತರುವಂಥ ರೋಗ ಗರ್ಭಕೋಶಕ್ಕೇ ಬಂದು, ಬೇರೆ ದಾರಿಯಿಲ್ಲದೆ ಅದನ್ನು ತೆಗೆಯಬೇಕಾಗಿ ಬಂದರೆ, ಅದು ಮಗುವನ್ನು ಕೊಲ್ಲುವ ಉದ್ದೇಶದ ಕಾರ್ಯವಲ್ಲವೆಂದು ಕಥೋಲಿಕ ನೀತಿಶಾಸ್ತ್ರ ಬಹುಕಾಲದಿಂದ ಹೇಳುತ್ತಾ ಬಂದಿದೆ. ಆ ದಾರಿ ಅವರಿಗೂ ತೆರೆದಿತ್ತು. ಅವರು ಕಡ್ಡಾಯಕ್ಕಿಂತ ಮುಂದೆ ಹೋದರು. ಅದನ್ನು ಪ್ರತಿಯೊಬ್ಬ ತಾಯಿಯ ಹೆಗಲಿಗೆ ಹೊರಿಸುವ ಅಧಿಕಾರ ನಮಗಿಲ್ಲ.

ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುವ ಗಂಟು. ಬಹುಪಾಲು ಕ್ಯಾನ್ಸರ್ ಅಲ್ಲ. ಕಡಲೆಬೀಜದಷ್ಟೂ ಇರಬಹುದು, ತೆಂಗಿನಕಾಯಿಯಷ್ಟೂ ಇರಬಹುದು. ಬಸುರಿನ ಮೊದಲ ತಿಂಗಳುಗಳಲ್ಲಿ ಕೆಲವು ಗಡ್ಡೆಗಳು ದೊಡ್ಡದಾಗುತ್ತವೆ. ಗಡ್ಡೆಗೆ ರಕ್ತ ಸಾಲದೆ ಒಳಗೆ ಕೊಳೆತಂತಾದರೆ ಒಂದೇ ಕಡೆ ವಿಪರೀತ ನೋವು, ಸಣ್ಣ ಜ್ವರ ಬರುತ್ತದೆ. ಇಂದಿನ ವೈದ್ಯರು ಸಾಮಾನ್ಯವಾಗಿ ಬಸುರಿನಲ್ಲಿ ಗಡ್ಡೆಗೆ ಕತ್ತಿ ಹಾಕುವುದಿಲ್ಲ, ರಕ್ತಸ್ರಾವದ ಭಯ. ವಿಶ್ರಾಂತಿ, ನೋವಿಗೆ ಮಾತ್ರೆ, ಸ್ಕ್ಯಾನಿಂಗ್‌ನಲ್ಲಿ ನಿಗಾ. ಗಡ್ಡೆ ಇದ್ದೂ ದಿನ ತುಂಬಿ ಸುಖವಾಗಿ ಹೆತ್ತವರು ಬಹಳ ಮಂದಿ. ಆದ್ದರಿಂದ ಸ್ಕ್ಯಾನಿಂಗ್ ವರದಿಯಲ್ಲಿ ಆ ಪದ ಕಂಡೊಡನೆ ಎದೆಗುಂದಬೇಕಿಲ್ಲ.

ಈಗ ಹೊಟ್ಟೆ ಬಿಗಿಯುವ ವಿಷಯಕ್ಕೆ ಬರೋಣ. ಗರ್ಭಕೋಶ ಒಂದು ಸ್ನಾಯುವಿನ ಚೀಲ. ಬಸುರಿಲ್ಲದಾಗ 60-70 ಗ್ರಾಂ ತೂಗುವ ಅದು ದಿನ ತುಂಬುವ ಹೊತ್ತಿಗೆ ಸುಮಾರು ಒಂದು ಕಿಲೋ ಆಗುತ್ತದೆ. ಕೈಯ ಸ್ನಾಯು ಬಿಗಿಯುವಂತೆ ಅದೂ ಬಿಗಿಯುತ್ತದೆ, ಸಡಿಲುತ್ತದೆ. ಬಿಗಿದಾಗ ಅದರ ನಡುವೆ ಹಾದುಹೋಗುವ ರಕ್ತನಾಳಗಳು ಹಿಂಡಿದಂತಾಗಿ ಮಾಸಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ನೀರಿನಲ್ಲಿ ಮುಳುಗಿದವನು ಉಸಿರು ಹಿಡಿಯುವ ಹಾಗೆ ಮಗು ಆ ಕ್ಷಣವನ್ನು ತಾಳಿಕೊಳ್ಳುತ್ತದೆ. ಸಡಿಲಿದಾಗ ರಕ್ತ ಮತ್ತೆ ತುಂಬಿ ಬರುತ್ತದೆ. ಎರಡು ಬಿಗಿತಗಳ ನಡುವಣ ಬಿಡುವು ಮಗುವಿನ ಉಸಿರು. ಸಿಸ್ಟರ್ ಇದನ್ನು ಹೇಳಿದಾಗಲೇ ಉಳಿದ ಪಾಠ ನಮಗೆ ಅರ್ಥವಾದದ್ದು.

ನಾಲ್ಕೈದು ತಿಂಗಳಿನಿಂದಲೇ ಕೆಲವರಿಗೆ ಆಗೊಮ್ಮೆ ಈಗೊಮ್ಮೆ ಹೊಟ್ಟೆ ಗಟ್ಟಿಯಾಗಿ ಬಿಡುತ್ತದೆ. 1872ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಇದನ್ನು ವಿವರಿಸಿದ್ದರಿಂದ ವೈದ್ಯರು ಅವರ ಹೆಸರಿನಿಂದ ಕರೆಯುತ್ತಾರೆ. ನಮ್ಮ ಅಜ್ಜಿಯರು ಸುಳ್ಳು ನೋವು ಎನ್ನುತ್ತಾರೆ. ಇದಕ್ಕೆ ಲೆಕ್ಕವಿಲ್ಲ, ಕ್ರಮವಿಲ್ಲ. ನೀರು ಕುಡಿದು, ಮೂತ್ರ ಮಾಡಿ, ಎಡ ಮಗ್ಗುಲಿಗೆ ಮಲಗಿದರೆ ಕಡಿಮೆಯಾಗುತ್ತದೆ. ನಿಜವಾದ ನೋವು ಹಾಗಲ್ಲ. ಗಡಿಯಾರ ಹಿಡಿದಂತೆ ಬರುತ್ತದೆ, ಬರಬರುತ್ತಾ ಅಂತರ ಕಡಿಮೆಯಾಗುತ್ತದೆ, ಬಿಗಿತ ಹೆಚ್ಚುತ್ತದೆ, ಸೊಂಟದಿಂದ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ, ಮಲಗಿದರೂ ನಿಲ್ಲುವುದಿಲ್ಲ.

37 ವಾರ ತುಂಬಿದ ಮೇಲೆ ನಿಜವಾದ ನೋವು ಬಂದರೆ ಅದು ಸಂತೋಷದ ಸುದ್ದಿ. ಅದಕ್ಕೆ ಮುಂಚೆ ಬಂದರೆ ಅಪಾಯದ ಗಂಟೆ. ಮೂತ್ರದ ಸೋಂಕು, ಅವಳಿ ಮಕ್ಕಳು, ನೀರು ವಿಪರೀತ ಹೆಚ್ಚಾಗಿರುವುದು, ಗರ್ಭಕೋಶದ ಆಕಾರದ ದೋಷ ಹೀಗೆ ಕಾರಣ ಹಲವು. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಒಂದು ಗಂಟೆಯಲ್ಲಿ ನಾಲ್ಕಾರು ಸಲ ಹೊಟ್ಟೆ ಬಿಗಿದರೆ, ಕೆಳಗೆ ಒತ್ತಿದಂತಾದರೆ, ನೀರು ಜಿನುಗಿದರೆ, ರಕ್ತದ ಕಲೆ ಕಂಡರೆ ಕಷಾಯದ ಫಲಕ್ಕೆ ಕಾಯಬಾರದು. ಜೀರಿಗೆ ಕಷಾಯದಲ್ಲಿ ವಿಷವೇನೂ ಇಲ್ಲ. ಅಜ್ಜಿಯರ ಮೇಲೆ ನಮಗೆ ಕೋಪವೂ ಇಲ್ಲ. ಆದರೆ ಕಷಾಯ ಕುಡಿದು ಕಾಯುವ ಆ ನಾಲ್ಕು ಗಂಟೆ ಬಹಳ ಬೆಲೆಬಾಳುವಂಥದ್ದು.

ಏಕೆಂದರೆ ಬೇಗ ಹೋದರೆ ವೈದ್ಯರ ಕೈಯಲ್ಲಿ ಒಂದು ಉಪಾಯವಿದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು, ಮೊದಲು ಕುರಿಗಳಲ್ಲಿ ಕಂಡದ್ದನ್ನು ಅನುಸರಿಸಿ, ಅವಧಿಗೆ ಮುಂಚೆ ನೋವು ಬಂದ ತಾಯಂದಿರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ನೋಡಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿಗೆ ಚುಚ್ಚಿದ ಔಷಧ ಮಾಸಿನ ಮೂಲಕ ಮಗುವನ್ನು ಮುಟ್ಟಿ ಅದರ ಶ್ವಾಸಕೋಶವನ್ನು ಬೇಗ ಬಲಿಸುತ್ತದೆ. ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಸಿಗುವ, ಬೆಲೆ ಕಡಿಮೆಯಾದ ಔಷಧ ಅದು. ಆದರೆ ಪೂರ್ತಿ ಫಲ ಕೊಡಲು ಒಂದೆರಡು ದಿನ ಬೇಕು. ನೋವನ್ನು ಆ ಎರಡು ದಿನದ ಮಟ್ಟಿಗೆ ತಡೆಹಿಡಿಯಲು ಮಾತ್ರೆಗಳೂ ಇವೆ. ನಮ್ಮ ಆ ಮಗಳು ಬೆಳಿಗ್ಗೆಯೇ ಹೋಗಿದ್ದರೆ ಮಗು ಉಳಿಯುತ್ತಿತ್ತೇ? ನಾವು ಕೇಳಿದೆವು. "ಖಚಿತವಾಗಿ ಹೇಳಲಾರೆ ಫಾದರ್, ಅವಕಾಶವಂತೂ ಇರುತ್ತಿತ್ತು" ಎಂದರು ಸಿಸ್ಟರ್.

ಪವಿತ್ರ ಗ್ರಂಥವೂ ಈ ಅಪಾಯವನ್ನು ಮರೆಮಾಚುವುದಿಲ್ಲ. ಬೆನ್ಯಾಮೀನನನ್ನು ಹೆರುವಾಗ ರಾಖೇಲಳು ದಾರಿಯಲ್ಲೇ ಪ್ರಸವ ವೇದನೆಯಿಂದ ಪ್ರಾಣ ಬಿಟ್ಟದ್ದನ್ನು ಆದಿಕಾಂಡ ಹೇಳುತ್ತದೆ. ಸಮುವೇಲನ ಮೊದಲನೆಯ ಗ್ರಂಥದಲ್ಲಿ ಯಾಜಕ ಏಲಿಯ ಸೊಸೆ, ಮಾವನೂ ಗಂಡನೂ ಸತ್ತ ಸುದ್ದಿ ಕಿವಿಗೆ ಬಿದ್ದೊಡನೆ ನೋವು ಹತ್ತಿ ಹೆತ್ತು ಸಾಯುತ್ತಾಳೆ. ಇವರಿಬ್ಬರ ಬಗ್ಗೆ ನಾವು ಎಂದೂ ಪ್ರಬೋಧನೆ ಮಾಡಿದ್ದು ನೆನಪಿಲ್ಲ.

ಇನ್ನೊಂದು ಬಗೆಯ ಬಿಗಿತವಿದೆ, ಅದು ಇನ್ನೂ ಭಯಂಕರ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲವಾಗುವುದೇ ಇಲ್ಲ, ನೋವು ಬಿಡುವು ಕೊಡುವುದಿಲ್ಲ, ರಕ್ತ ಹೋಗಬಹುದು. ಮಾಸು ಗರ್ಭಕೋಶದ ಗೋಡೆಯಿಂದ ಹೊತ್ತಿಗೆ ಮುಂಚೆ ಕಳಚಿಕೊಂಡಾಗ ಹೀಗಾಗುತ್ತದೆ. ರಕ್ತ ಒಳಗೇ ಕಟ್ಟಿಕೊಂಡು ಹೊರಗೆ ಒಂದು ಹನಿಯೂ ಕಾಣದಿರಬಹುದು, ಆದ್ದರಿಂದ ರಕ್ತ ಕಾಣಲಿಲ್ಲ ಎಂಬ ಧೈರ್ಯ ಬೇಡ. ರಕ್ತದೊತ್ತಡ ಹೆಚ್ಚಿರುವವರಿಗೆ, ಹೊಟ್ಟೆಗೆ ಪೆಟ್ಟು ಬಿದ್ದವರಿಗೆ ಇದರ ಭಯ ಹೆಚ್ಚು. (ಪೆಟ್ಟು ಎಲ್ಲಿಂದ ಬಿತ್ತು ಎಂದು ಕೇಳಬೇಕಾದ ಮನೆಗಳೂ ನಮ್ಮಲ್ಲಿವೆ, ಅದು ಬೇರೆಯೇ ಲೇಖನ.) ಇಂಥ ಹೊತ್ತಿನಲ್ಲಿ ನಿಮಿಷಗಳ ಲೆಕ್ಕ. ಹಾಗೆಯೇ, ಹಿಂದೆ ಸಿಸೇರಿಯನ್ ಆದವರ ಗರ್ಭಕೋಶದಲ್ಲಿ ಹೊಲಿಗೆಯ ಗುರುತು ಇರುತ್ತದೆ. ನೋವು ಬರುತ್ತಿದ್ದಾಗ ಹರಿದಂತೆ ಒಮ್ಮೆಗೇ ಅತಿಯಾಗಿ ನೊಂದು, ಆಮೇಲೆ ನೋವೇ ನಿಂತುಹೋದರೆ ಸಮಾಧಾನಪಡಬೇಡಿ, ಗರ್ಭಕೋಶವೇ ಹರಿದಿರಬಹುದು.

ಅಸಹಜ ಬಿಗಿತವನ್ನು ಮನುಷ್ಯರೇ ತಂದಿಡುವುದೂ ಉಂಟು. ಬೇಗ ಹೆರಿಗೆಯಾಗಲಿ ಎಂದು ಮನೆಯಲ್ಲೇ ನೋವಿನ ಇಂಜೆಕ್ಷನ್ ಕೊಡಿಸುವವರ ಸುದ್ದಿ ಈಗಲೂ ನಮ್ಮ ಕಿವಿಗೆ ಬೀಳುತ್ತದೆ. ಅದು ಆಕ್ಸಿಟೋಸಿನ್, ಹಾಲು ಇಳಿಸದ ಎಮ್ಮೆಗೆ ಕೆಲವರು ಕದ್ದು ಚುಚ್ಚುವುದೂ ಅದನ್ನೇ. 1953ರಲ್ಲಿ ಅಮೆರಿಕದ ವಿಜ್ಞಾನಿ ವಿನ್ಸೆಂಟ್ ದು ವಿಗ್ನೋ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ 1955ರಲ್ಲಿ ನೊಬೆಲ್ ಪಡೆದರು. ಹೆರಿಗೆಯಾದೊಡನೆ ಕೊಟ್ಟರೆ ರಕ್ತಸ್ರಾವ ತಡೆದು ಬಾಣಂತಿಯ ಪ್ರಾಣ ಉಳಿಸುವ ಔಷಧ. ಆದರೆ ಹೆರಿಗೆಗೆ ಮುಂಚೆ, ಹನಿಯ ಲೆಕ್ಕವಿಲ್ಲದೆ, ಒಮ್ಮೆಗೇ ಚುಚ್ಚಿದರೆ? ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಬಿಗಿತ ಬಂದರೆ ಅತಿಯಾಯಿತೆಂದು ವೈದ್ಯರು ಎಣಿಸುತ್ತಾರೆ. ಮೇಲೆ ಹೇಳಿದ ಬಿಡುವು ಇಲ್ಲದೆ ಹೋದರೆ ಮಗುವಿಗೆ ಉಸಿರೆಲ್ಲಿ? ಆಸ್ಪತ್ರೆಯಲ್ಲಿ ಅದನ್ನು ಡ್ರಿಪ್‌ನಲ್ಲಿ ಹನಿ ಹನಿಯಾಗಿ ಕೊಟ್ಟು, ಮಗುವಿನ ಎದೆಬಡಿತ ಕೇಳುತ್ತಾ ಕಾಯುತ್ತಾರೆ. ಮನೆಯ ಮಂಚದ ಮೇಲೆ ಅದನ್ನು ಮಾಡಲಾಗದು.

ಗರ್ಭಕೋಶದ ಆಕಾರದ ಮಾತು ಉಳಿಯಿತು. ಹೆಣ್ಣುಮಗು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಎಡಬಲದ ಎರಡು ಸಣ್ಣ ನಾಳಗಳು ಕೂಡಿ ಒಂದು ಗರ್ಭಕೋಶವಾಗುತ್ತದೆ, ನಡುವಿನ ಗೋಡೆ ಕರಗಿಹೋಗುತ್ತದೆ. ಕೆಲವರಲ್ಲಿ ಈ ಕೂಡಿಕೆ ಅರ್ಧಕ್ಕೇ ನಿಲ್ಲುತ್ತದೆ. ಆಗ ಎರಡು ಕೊಂಬಿನ, ಹೃದಯದ ಚಿತ್ರದಂಥ ಗರ್ಭಕೋಶ ಇರಬಹುದು. ಹೊರಗೆ ಸರಿಯಿದ್ದು ಒಳಗೆ ಗೋಡೆ ಉಳಿದಿರಬಹುದು. ಒಂದೇ ಕೊಂಬು ಬೆಳೆದಿರಬಹುದು. ಅಪರೂಪಕ್ಕೆ ಎರಡು ಗರ್ಭಕೋಶಗಳೇ ಇರಬಹುದು. ಮೂತ್ರಪಿಂಡವೂ ಅದೇ ಕಾಲದಲ್ಲಿ ರೂಪುಗೊಳ್ಳುವುದರಿಂದ ಇಂಥ ಕೆಲವರಿಗೆ ಒಂದೇ ಮೂತ್ರಪಿಂಡ ಇರುವುದುಂಟು. ಹೊರಗಿನಿಂದ ಯಾವ ಗುರುತೂ ಇಲ್ಲ, ಮುಟ್ಟು ಸರಿಯಾಗಿಯೇ ಇರಬಹುದು. ಜಾಗ ಇಕ್ಕಟ್ಟಾದ್ದರಿಂದ ಮಗು ಅಡ್ಡ ನಿಲ್ಲುವುದು, ಕಾಲು ಕೆಳಗಾಗುವುದು, ಗರ್ಭ ಇಳಿಯುವುದು, ಅವಧಿಗೆ ಮುಂಚೆ ನೋವು ಬರುವುದು ಸಾಧ್ಯ. ಒಳಗೋಡೆ ಇರುವವರಲ್ಲಿ ಗರ್ಭಪಾತ ಹೆಚ್ಚು.

ಇನ್ನು ಕೆಲವರಲ್ಲಿ ಆಕಾರ ಸರಿಯಿದ್ದರೂ ಗರ್ಭಕೋಶದ ಬಾಯಿ ಸಡಿಲ. ಐದಾರು ತಿಂಗಳಿಗೆ ನೋವೇ ಇಲ್ಲದೆ ತೆರೆದುಕೊಳ್ಳುತ್ತದೆ. ಅದಕ್ಕೆ ಹೊಲಿಗೆ ಹಾಕುವ ವಿಧಾನವನ್ನು 1955ರಲ್ಲಿ ಜಗತ್ತಿಗೆ ತಿಳಿಸಿದವರು ಗೋವಾದಲ್ಲಿ ಹುಟ್ಟಿ ಮುಂಬಯಿಯಲ್ಲಿ ವೈದ್ಯರಾಗಿದ್ದ ವಿ. ಎನ್. ಶಿರೋಡ್ಕರ್. ಇಂದಿಗೂ ಆ ಹೊಲಿಗೆಗೆ ಅವರದೇ ಹೆಸರು.

ಇವೆಲ್ಲ ಯಾರ ತಪ್ಪೂ ಅಲ್ಲ. ಇದನ್ನು ಒತ್ತಿ ಹೇಳಲೇಬೇಕು. ಎರಡು ಸಲ ಗರ್ಭ ಇಳಿದ ಸೊಸೆಯನ್ನು ಯಾವುದೋ ಶಾಪಕ್ಕೆ, ಯಾರದೋ ಕಣ್ಣಿಗೆ, ಆಕೆ ಭಾರ ಎತ್ತಿದ್ದಕ್ಕೆ ಕಾರಣ ಮಾಡಿ ಚುಚ್ಚಿ ಮಾತಾಡುವ ಮನೆಗಳಿಗೆ ನಾವು ಹೋಗಿಬಂದಿದ್ದೇವೆ. ದೇವರ ಫೋಟೋದ ಕೆಳಗೆ ಕುಳಿತೇ ಹಾಗೆ ಮಾತಾಡುತ್ತಾರೆ. ಆಕೆ ಹುಟ್ಟುವ ಮುನ್ನವೇ ಆದ ಕೂಡಿಕೆಗೆ ಆಕೆ ಹೇಗೆ ಹೊಣೆ? ಹರಕೆ ಹೊತ್ತುಕೊಳ್ಳಿ, ನಾವು ಬೇಡವೆನ್ನುವುದಿಲ್ಲ. ಜೊತೆಗೆ ಒಂದು ಸ್ಕ್ಯಾನಿಂಗೂ ಆಗಲಿ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ವಿಶೇಷ ತಪಾಸಣೆ 2016ರಿಂದ ನಡೆಯುತ್ತಿದೆ. ತಾಯಿ ಕಾರ್ಡ್ ಕೈಗೆಟಕುವಲ್ಲಿರಲಿ, ರಾತ್ರಿಯಾದರೆ 108ಕ್ಕೆ ಫೋನ್ ಮಾಡಿ. ಸಣ್ಣ ವಿಷಯಕ್ಕೆ ಹೋದರೆ ಡಾಕ್ಟರು ಬೈಯುತ್ತಾರೆಂಬ ಅಂಜಿಕೆ ನಮ್ಮ ತಾಯಂದಿರಲ್ಲಿ ಬಹಳ. ಬೈದರೆ ಬೈಯಲಿ. ಸುಳ್ಳು ನೋವಿಗೆ ಹತ್ತು ಸಲ ಹೋಗಿ ಬಂದವಳಿಗೆ ನಷ್ಟವಾದದ್ದು ಆಟೋ ಬಾಡಿಗೆ ಮಾತ್ರ.

ಆ ನಮ್ಮ ಮಗಳಿಗೆ ಆಮೇಲೆ ಸ್ಕ್ಯಾನಿಂಗ್ ಮಾಡಿದಾಗ ಗರ್ಭಕೋಶ ಎರಡು ಕೊಂಬಿನದೆಂದು ತಿಳಿಯಿತು. ಈಗ ಮತ್ತೆ ಬಸುರಿ, 33 ವಾರ. ಈ ಸಲ ತವರಿಗೆ ಹೋಗದೆ ಆಸ್ಪತ್ರೆ ಹತ್ತಿರವಿರುವ ಗಂಡನ ಮನೆಯಲ್ಲೇ ಇದ್ದಾಳೆ. ಕಳೆದ ತಿಂಗಳು ಗಂಡನೊಂದಿಗೆ ಬಲಿಪೂಜೆಗೆ ಬಂದವಳು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕುಳಿತಳು. ನಾವು ಪ್ರಬೋಧನೆ ಶುರುಮಾಡಿ ಐದು ನಿಮಿಷವಾಗಿರಲಿಲ್ಲ, ಎದ್ದು ಹೊರಟೇಬಿಟ್ಟಳು. ಮಧ್ಯಾಹ್ನ ಆಕೆಯೇ ಫೋನ್ ಮಾಡಿದಳು: "ಮೂತ್ರದ ಸೋಂಕಂತೆ ಫಾದರ್. ಮಾತ್ರೆ ಕೊಟ್ಟಿದ್ದಾರೆ. ಬಾಯಿ ಮುಚ್ಚೇ ಇದೆಯಂತೆ. ಪ್ರಸಂಗದ ಮಧ್ಯ ಎದ್ದು ಹೋಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ."